ಮಡಗಿದ್ದು

“ಈ ಮನೇಲಿ ಕಣ್ಣು ಮುಚ್ಕಂಡು ಓಡಾಡಬ್ಯಾಡ ಕಣಪ್ಪ.”

ಏಕಾಂತಯ್ಯ ಇನ್ನೂ ತಲೆಯ ಮೇಲಿನ ಟ್ರಂಕನ್ನು ಜಗಲಿಗೆ ಇಳಿಸಿರಲಿಲ್ಲ. ದಂಡಿನಶಿವರದಲ್ಲಿ ಬಸ್ಸಿಳಿದು, ತೆಂಗಿನ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಎರಡು ಮೈಲಿ ನಡೆದು ಬಂದಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಮಾತಾಡಿದವಳು ಜಗಲಿಯ ಮೂಲೆಯಲ್ಲಿ ಕೂತು ಪೊರಕೆಗೆಂದು ತೆಂಗಿನ ಗರಿ ಸೀಳುತ್ತಿದ್ದ ಮುದುಕಿ, ಅಂಕಮ್ಮ. ಅವಳ ಬಾಯಲ್ಲಿ ಉಳಿದಿದ್ದದ್ದು ಮುಂದಿನ ಎರಡೇ ಹಲ್ಲು.

“ಕಣ್ಣು ಮುಚ್ಕೊಂಡು ಯಾಕಜ್ಜಿ ಓಡಾಡ್ಲಿ? ಕಂಬಕ್ಕೆ ಹಣೆ ಚಚ್ಚಿಕೊಳ್ಳೋಕಾ?”

“ಹಂಗಲ್ಲ. ಕೂತಲ್ಲೇ ಕೂತು, ಕಣ್ಮುಚ್ಚಿ, ಮನಸ್ನಾಗೆ ಓಡಾಡಬ್ಯಾಡ. ಓಡಾಡಿದ್ರೂ ಜೀವ ಇರೋದನ್ನ ಎಲ್ಲೂ ಮಡಗಬ್ಯಾಡ.”

ಇಡು ಎನ್ನುವುದಕ್ಕೆ ಆ ಸೀಮೆಯಲ್ಲಿ ಮಡಗು ಎನ್ನುತ್ತಾರೆ. ಕೊಡ ಕೆಳಗೆ ಮಡಗು. ಹೇಳಿದ್ದು ಗ್ಯಾಪಕ ಮಡಗು. ಮಾಟಕ್ಕೂ ಅದೇ ಮಾತು. ಯಾರಿಗೋ ಕೈಕಾಲು ಬಿದ್ದುಹೋದರೆ, ಯಾರೋ ಮಡಗವ್ರೆ ಅನ್ನುತ್ತಾರೆ. ಏಕಾಂತಯ್ಯನಿಗೆ ಒಂದು ಕ್ಷಣ ಕಸಿವಿಸಿಯಾಯಿತು. ಈ ಮನೆಗೆ ಅವನು ಬಂದದ್ದೇ ಕಣ್ಣು ಮುಚ್ಚಿ ಓಡಾಡುವುದಕ್ಕೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಒಳಗಿನಿಂದ ಅಕ್ಕ ಶಿವರುದ್ರಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. “ಅಜ್ಜಿ ಹೊಸಬರು ಯಾರು ಬಂದ್ರೂ ಅದನ್ನೇ ಹೇಳೋದು, ಬಿಡು. ಒಳಗೆ ಬಾ. ಎಷ್ಟು ಸೊರಗಿದೀಯೋ!”

ಭಾವ ಸದಾಶಿವಯ್ಯ ಕೊಬ್ಬರಿ ಚೀಲದ ಮೇಲೆ ಕೂತವನು ಎದ್ದು ಕೈ ಮುಗಿದ. “ಬನ್ನಿ ಲಾಯರ್ ಸಾಹೇಬ್ರೇ. ಮೂರನೇ ಸಲವಾದ್ರೂ ಪಾಸಾಗ್ತೀರೋ, ಇಲ್ಲೇ ಕಾಯಿ ಸುಲಿಯೋಕೆ ನಿಂತುಬಿಡ್ತೀರೋ?”

“ಪಾಸಾಗ್ತಾನೆ. ಕೋಟು ಹೊಲಿಸಿಟ್ಟಿದೀನಿ” ಎಂದಳು ಅಕ್ಕ.

ನಿಜವಾಗಿಯೂ ಹೊಲಿಸಿದ್ದಳು. ತಾಯಿ ಸತ್ತಾಗ ಏಕಾಂತಯ್ಯನಿಗೆ ನಾಲ್ಕು ವರ್ಷ. ಸಾಕಿದವಳು ಅಕ್ಕ. ತಮ್ಮ ವಕೀಲನಾಗುತ್ತಾನೆ ಎಂದು ತಿಪಟೂರಿನಲ್ಲಿ ಕರಿಕೋಟು ಹೊಲಿಸಿ, ಬೇವಿನೆಲೆ ಹಾಕಿ, ಹಳೇ ಪಂಚೆಗಳ ಪೆಟ್ಟಿಗೆಯಲ್ಲಿಟ್ಟು ಎರಡು ವರ್ಷವಾಗಿತ್ತು. ಆ ಪೆಟ್ಟಿಗೆ ಈಗ ಈ ಮನೆಯ ಅಟ್ಟದ ಮೇಲಿತ್ತು. ಎರಡು ವರ್ಷವೂ ಅವನು ದಂಡ ಸಂಹಿತೆಯ ಪತ್ರಿಕೆಯಲ್ಲಿ ಬಿದ್ದಿದ್ದ. ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಎಪ್ಪತ್ತೊಂಬತ್ತರ ಈ ಬೇಸಿಗೆಯ ಪರೀಕ್ಷೆ ಅವನಿಗೆ ಕೊನೆಯದು. ಇನ್ನು ಇಪ್ಪತ್ತೈದು ದಿನವಿತ್ತು.

ತುಮಕೂರಿನ ಹಾಸ್ಟೆಲ್ ಲೈಬ್ರರಿಯ ಕೊನೆಯ ಬೀರುವಿನಲ್ಲಿ ಅವನಿಗೊಂದು ಪುಸ್ತಕ ಸಿಕ್ಕಿತ್ತು. ರಟ್ಟು ಹೋಗಿತ್ತು, ಮೊದಲ ಹಾಳೆಗಳನ್ನು ಗೆದ್ದಲು ತಿಂದಿತ್ತು. ಹಿಂದಿನ ಕಾಲದ ಭಾಷಣಕಾರರು ದಿನವಿಡೀ ಚೀಟಿಯಿಲ್ಲದೆ ಮಾತಾಡುತ್ತಿದ್ದದ್ದು ಹೇಗೆಂದು ಅದರಲ್ಲಿ ಬರೆದಿತ್ತು. ಒಂದು ಮನೆ ಆರಿಸಿಕೋ. ಬಾಗಿಲಿನಿಂದ ಒಳಗಿನವರೆಗೆ ಅದರ ಜಾಗಗಳನ್ನು ಸಾಲಾಗಿ ಮನಸ್ಸಿಗೆ ತಂದುಕೋ. ನೆನಪಿಡಬೇಕಾದ ಒಂದೊಂದನ್ನೂ ಒಂದೊಂದು ಜಾಗದಲ್ಲಿ ಚಿತ್ರವಾಗಿ ಇಡು. ಬೇಕಾದಾಗ ಕಣ್ಣು ಮುಚ್ಚಿ ನಡೆದು ಹೋಗು, ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಚಿತ್ರಗಳು ಸೌಮ್ಯವಾಗಿದ್ದರೆ ಮರೆತುಹೋಗುತ್ತವೆ, ರಕ್ತ ಹರಿಯಬೇಕು. ಗುರುತಿನ ಮುಖಗಳಾಗಿರಬೇಕು. ಅತಿ ಪ್ರೀತಿಯ ಮುಖ ಅತಿ ಗಟ್ಟಿಯಾಗಿ ನಿಲ್ಲುತ್ತದೆ.

ಹಾಸ್ಟೆಲಿನ ಕೋಣೆಗಳೆಲ್ಲ ಒಂದೇ ಥರ. ಅವನಿಗೊಂದು ಮನೆ ಬೇಕಿತ್ತು. ಅಕ್ಕ ಭಾವ ಹೋದ ವರ್ಷ ಅಂಕಮ್ಮನಿಂದ ಗುತ್ತಿಗೆಗೆ ಹಿಡಿದ ಈ ತೋಟದ ಮನೆ ಅದಕ್ಕೆ ಹೇಳಿ ಮಾಡಿಸಿದಂತಿತ್ತು.

ಮರುದಿನ ಬೆಳಗ್ಗೆ ಅವನು ಮುನ್ನೂರ ಇಪ್ಪತ್ತನೆಯ ಕಲಮು ತೆಗೆದ. ಘೋರ ಗಾಯ ಎಂದರೇನು. ಎಂಟು ಬಗೆ. ಹೋದ ಎರಡು ಸಲವೂ ಐದಕ್ಕೇ ನಿಂತಿದ್ದ. ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ, ತೋಟದ ಕಡೆಯಿಂದ ಮನೆಯೊಳಕ್ಕೆ ನಡೆದ.

ಮೊದಲಿಗೆ ಕೊಟ್ಟಿಗೆ. ಕಲಮಿನ ಮೊದಲ ಬಗೆ, ಪುರುಷತ್ವ ಕಳೆಯುವುದು. ನಗು ಬಂತು. ಭಾವನ ಹೋರಿಗರುವನ್ನು ಇಟ್ಟ, ತೊಡೆಸಂದಿಯಲ್ಲಿ ಗೂಟ ಹೊಗಿಸಿ. ಮುಂದೆ ಬಾವಿಕಟ್ಟೆ, ಎರಡನೆಯ ಬಗೆ, ಕಣ್ಣು ಹೋಗುವುದು. ಅಲ್ಲಿ ಕಾಯಿ ಕೀಳಲು ಬರುವ ಸಣ್ಣತಿಮ್ಮಯ್ಯ, ಎಡಗಣ್ಣಿನಲ್ಲಿ ಗರಿಯ ಕಡ್ಡಿ ನೆಟ್ಟುಕೊಂಡು. ಹುಲ್ಲಿನ ಬಣವೆಯ ಬುಡದಲ್ಲಿ ಮೂರನೆಯದು, ಕಿವುಡು. ಕೆಂಚ ಎಂಬ ಮನೆಯ ನಾಯಿ, ಕಿವಿಯಿಂದ ರಕ್ತ. ಚಪ್ಪರದಡಿ ನಾಲ್ಕನೆಯದು, ಅಂಗ ತುಂಡಾಗುವುದು. ಅಲ್ಲಿ ಒಣಗಿದ ಕಾಯಿಯ ಚಿಪ್ಪನ್ನು ಮಚ್ಚಿನಿಂದ ಬಿಡಿಸಿ ಉಂಡೆಕೊಬ್ಬರಿ ತೆಗೆಯುವ ಹುಚ್ಚಣ್ಣ ಕೂರುತ್ತಿದ್ದ. ಅವನ ಎಡಗೈಯ ಮೂರು ಬೆರಳನ್ನು ಚಿಪ್ಪಿನ ರಾಶಿಯ ಮೇಲೆ ಸಾಲಾಗಿ ಜೋಡಿಸಿದ. ಜಗಲಿಯ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಐದನೆಯದು, ಕಾಲಿನ ಶಕ್ತಿ ಹೋಗುವುದು: ಗಾಡಿಯ ಬಲಗಡೆಯ ಎತ್ತು, ಮಂಡಿ ಹಿಂದುಮುಂದಾಗಿ. ಅಡುಗೆಮನೆಯಲ್ಲಿ ಆರನೆಯದು, ಮುಖ ವಿಕಾರವಾಗುವುದು. ಭಾವನನ್ನು ಸೀಮೆಎಣ್ಣೆಯ ಪಂಪ್ ಸ್ಟೌ ಮುಂದೆ ಕೂರಿಸಿ ಸ್ಟೌ ಸಿಡಿಸಿದ. ನಡುಮನೆಯಲ್ಲಿ, ಅಟ್ಟದ ಏಣಿಯ ಬುಡದಲ್ಲಿ ಏಳನೆಯದು, ಹಲ್ಲು ಮುರಿಯುವುದು. ಅಂಕಮ್ಮಜ್ಜಿಯ ಎರಡು ಹಲ್ಲು ಅಲ್ಲದೆ ಬೇರಾರದು? ಮೇಲಿನಿಂದ ಒಂದು ತೆಂಗಿನಕಾಯಿ ಅವಳ ಬಾಯಿಗೆ.

ಎಂಟನೆಯದಕ್ಕೆ ಏಣಿ ಹತ್ತಿ ಅಟ್ಟಕ್ಕೆ ಹೋದ.

ಕೊಬ್ಬರಿ ಸೀಮೆಯ ಅಟ್ಟವೆಂದರೆ ಮನೆಯ ಮೇಲೆ ಇನ್ನೊಂದು ಮನೆ. ಸಿಪ್ಪೆ ಸುಲಿಯದ ಹತ್ತುಸಾವಿರ ಕಾಯಿ ಬಿದಿರ ತಟ್ಟಿಯ ಮೇಲೆ ಹನ್ನೊಂದು ತಿಂಗಳು ಕತ್ತಲಲ್ಲಿ ಮಲಗಿರುತ್ತವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಬಿಸಿಲೇರಿದಾಗ ಅವು ಒಂದೊಂದೇ ಚಿಪ್ಪು ಬಿಡುವ ಸದ್ದು ಕೇಳುತ್ತದೆ. ಟಕ್. ಇನ್ನೊಂದು ಮೂಲೆಯಲ್ಲಿ, ಟಕ್. ತಲೆಬುರುಡೆಯೊಳಗಿನಿಂದ ಯಾರೋ ಬೆರಳ ಗಿಣ್ಣಿನಲ್ಲಿ ಬಡಿದಂತೆ. ಕಮಟು ಎಣ್ಣೆಯ ವಾಸನೆ, ಇಲಿಯ ಉಚ್ಚೆಯ ವಾಸನೆ, ಹಳೆಯ ಹೊಗೆ. ಎಂಟನೆಯ ಬಗೆ ಎಂದರೆ ಜೀವಕ್ಕೆ ಅಪಾಯ ತರುವ ಗಾಯ, ಅಥವಾ ಇಪ್ಪತ್ತು ದಿನ ತೀವ್ರ ನೋವಿನಲ್ಲಿ ನರಳಿಸುವ ಗಾಯ. ಹೆಚ್ಚಿನವರು ಮರೆಯುವುದು ಇದನ್ನೇ. ಗಟ್ಟಿಯಾಗಿ ನಿಲ್ಲುವ ಮುಖ ಬೇಕು.

“ಏಕಾಂತೂ, ರೊಟ್ಟಿ ಆರ್ತಿದೆ ಬಾರೋ” ಎಂದು ಅಡುಗೆಮನೆಯಿಂದ ಅಕ್ಕ ಕೂಗಿದಳು.

ಅಕ್ಕನನ್ನು ಇಟ್ಟ. ಅಟ್ಟ ಕುಸಿದು, ಹತ್ತುಸಾವಿರ ಕಾಯಿ ಎದೆಯ ಮೇಲೆ, ಬಾಯಲ್ಲಿ ರಕ್ತ, ಕಣ್ಣು ಮೇಲೆ. ಒಂದಿಷ್ಟು ನಾಚಿಕೆಯಾಯಿತು. ಆದರೆ ಕಣ್ಣು ತೆರೆದು ಹೇಳಿಕೊಂಡಾಗ ಎಂಟೂ ಒಂದರ ಹಿಂದೊಂದು ಬಂದವು. ಮೂರು ಸಲ ಹೇಳಿದ. ಮೂರು ಸಲವೂ ಒಂದಕ್ಷರ ತಪ್ಪಲಿಲ್ಲ. ರೊಟ್ಟಿ ತಿನ್ನುವಾಗ ಅವನು ಎರಡು ವರ್ಷದಲ್ಲಿ ನಗದಷ್ಟು ನಕ್ಕ.

ಮರುದಿನ ಹೋರಿಗರು ಕೊಟ್ಟಿಗೆಯ ಬೇಲಿ ಹಾರಲು ಹೋಗಿ ಗೂಟಕ್ಕೆ ಸಿಕ್ಕಿತು. ಹಿಂಗಾಲುಗಳ ನಡುವೆ ಒಂದು ಗೇಣು ಒಳಹೊಕ್ಕಿತ್ತು. ಅದರ ಕೂಗು ಪಕ್ಕದ ತೋಟಗಳಿಗೂ ಕೇಳಿತು. “ಬೀಜ ಒಡೆಯೋರಿಗೆ ಹೇಳಿಕಳಿಸೋ ಕೆಲಸ ಉಳೀತು” ಎಂದು ಭಾವ ನಗಲು ನೋಡಿದ. ಏಕಾಂತಯ್ಯನೂ ನಕ್ಕ.

ಅದರ ಮರುದಿನ ಸಣ್ಣತಿಮ್ಮಯ್ಯ ಮರ ಇಳಿದು ಬಾವಿಕಟ್ಟೆಯಲ್ಲಿ ನೀರು ಕುಡಿಯುತ್ತಿದ್ದ. ತಲೆಯೆತ್ತಿದ್ದೇ ತಡ, ಮೇಲೆ ಕಡಿದು ಬಿಟ್ಟಿದ್ದ ಗರಿ ಜಾರಿ ಬಂತು. ಕಡ್ಡಿ ಎಡಗಣ್ಣಿಗೆ ನೆಟ್ಟಿತು. ಅವನು ಅದನ್ನು ತಾನೇ ಕಿತ್ತುಕೊಂಡ. ಅದರ ಜೊತೆ ಬರಬಾರದ್ದೂ ಬಂತು.

ಮೂರನೆಯ ದಿನ ಕೆಂಚ ಬಣವೆಯ ಬುಡದಲ್ಲಿ ಮಲಗಿತ್ತು. ಎಷ್ಟು ಕರೆದರೂ ಏಳಲಿಲ್ಲ. ಕಿವಿಯಿಂದ ಕಪ್ಪು ರಕ್ತ ಇಳಿದು ಹುಲ್ಲಿಗೆ ಹತ್ತಿತ್ತು. ನೆಲ ಒದ್ದಾಗ ಮಾತ್ರ ಎದ್ದು, ಯಾರನ್ನೋ ಹುಡುಕುವಂತೆ ಸುತ್ತಲೂ ನೋಡಿತು.

ಆ ಮಧ್ಯಾಹ್ನ ಅಂಕಮ್ಮ ಅವನ ಎದುರು ಬಂದು ಕೂತಳು.

“ಎಷ್ಟು ಮಡಗಿದೀಯ?”

“ಏನಜ್ಜಿ?”

“ನಮ್ಮ ಯಜಮಾನ್ರು ಮಾಯಣ್ಣ ಇದೇ ಕಂಬಕ್ಕೆ ಒರಗಿ ಕೂರೋರು. ಬೊಂಬೆ ಇಲ್ಲ, ಸೂಜಿ ಇಲ್ಲ, ನಿಂಬೆಹಣ್ಣಿಲ್ಲ. ಕಣ್ಣು ಮುಚ್ಚೋರು, ಮನೆಯೆಲ್ಲ ಓಡಾಡೋರು, ಆಳನ್ನ ತಂದು ಒಂದು ಮೂಲೇಲಿ ಮಡಗೋರು. ಹಂಗೇ ಆಗೋದು. ಮಾಯಸಂದ್ರದಿಂದ ಜನ ಬರೋರು ಮಡಗಿಸಾಕೆ. ಮಡಗಿ ಮಡಗಿ ಈ ಮನೆಗೇ ಅದು ಅಭ್ಯಾಸ ಆಗೈತೆ ಕಣಪ್ಪ.”

“ಹಂಗಾದ್ರೆ ಒಳ್ಳೇದು ಮಡಗಬಹುದಿತ್ತಲ್ಲ. ಎಲ್ಲರಿಗೂ ಮಕ್ಕಳಾಗ್ಲಿ, ಮಳೆ ಬರ್ಲಿ ಅಂತ?”

“ಒಳ್ಳೇದು ನಿಲ್ಲಾಕಿಲ್ಲ. ಮಡಗಿ ನೋಡಿದ್ರು.” ಅವಳು ಗರಿಯ ಕಡ್ಡಿಯಿಂದ ನೆಲ ಗೀರಿದಳು. “ಒಂದಿನ ಸಿಟ್ನಾಗೆ ನನ್ನೇ ಅಟ್ಟದ ಮ್ಯಾಲೆ ಮಡಗಿಬುಟ್ರು. ಸಿಟ್ಟಿಳಿದ ಮ್ಯಾಲೆ ತೆಗೆಯಾಕೆ ನೋಡಿದ್ರು. ಮಡಗಿದ್ದು ತೆಗೆದ್ರೆ ಜಾಗ ಖಾಲಿ ನಿಲ್ಲಾಕಿಲ್ಲ. ಬದಲು ಮಡಗಬೇಕು. ಒಂದೇ ಸಲ ಬದಲು ಮಾಡಬೌದು, ಎರಡ್ನೇ ಸಲ ಆಗಾಕಿಲ್ಲ. ದಿಕ್ಕು ತಪ್ಪಿದ್ರು. ಆ ಗಳಿಗೇಲಿ ಯಾರ ಮಖ ಮನಸ್ಸಿಗೆ ಬತ್ತೋ ಅದನ್ನೇ ಮಡಗಿದ್ರು.”

“ಯಾರನ್ನ?”

“ನಮ್ಮ ಮಗನ್ನ. ಹದಿನೆಂಟು ವರ್ಷ. ಅಟ್ಟದಿಂದ ಚಾಪೇಲಿ ಸುತ್ಕಂಡು ಇಳಿಸಿದ್ರು. ನಾನು ಉಳ್ಕಂಡೆ.” ಅವಳು ಎದ್ದಳು. “ಆಮ್ಯಾಲೆ ಅವ್ರು ಕಣ್ಣು ಮುಚ್ಚಲೇ ಇಲ್ಲ. ನಿದ್ದೆಗೆಟ್ಟು ನಿದ್ದೆಗೆಟ್ಟೇ ಸತ್ರು.”

“ಕತೆ ಚೆನ್ನಾಗಿದೆ ಅಜ್ಜಿ” ಎಂದ ಏಕಾಂತಯ್ಯ. ಹೋರಿಗಳು ಬೇಲಿ ಹಾರುತ್ತವೆ. ಗರಿಗಳು ಬೀಳುತ್ತವೆ. ನಾಯಿಗಳ ಕಿವಿಗೆ ಉಣ್ಣೆಹುಳ ಹೊಗುತ್ತದೆ. ಸಾಕ್ಷ್ಯ ಎಲ್ಲಿದೆ? ಹಾಗೆಂದು ತನಗೆ ತಾನೇ ವಾದಿಸಿಕೊಂಡು ಪುಸ್ತಕ ತೆಗೆದ. ಹಾಳೆಯ ಮೇಲೆ ಕಣ್ಣಿತ್ತು. ಮನಸ್ಸಿನ ಕಾಲು ಆಗಲೇ ಕೊಟ್ಟಿಗೆಯಿಂದ ಹೊರಟಿತ್ತು.

ನಾಲ್ಕನೆಯ ದಿನ ಬೆಳಗ್ಗೆ ಹತ್ತರ ಸುಮಾರಿಗೆ ಚಪ್ಪರದ ಕಡೆಯಿಂದ ಮಚ್ಚಿನ ಸದ್ದು ನಿಂತಿತು. ಕೂಗು ಬರಲಿಲ್ಲ. ಹುಚ್ಚಣ್ಣ ಯಾರನ್ನೋ ಕೇಳುವಂತೆ ಮೆಲ್ಲಗೆ, “ಇದ್ಯಾಕೆ ಹಿಂಗಾಯ್ತು?” ಎಂದ.

ಏಕಾಂತಯ್ಯ ಓಡಿದ. ಹುಚ್ಚಣ್ಣ ಎಡಗೈಯನ್ನು ಬಲಗೈಯಲ್ಲಿ ಹಿಡಿದು ಕೂತಿದ್ದ. ರಕ್ತ ಮೊಣಕೈಯಿಂದ ತೊಟ್ಟಿಕ್ಕದೆ ಹಗ್ಗದಂತೆ ಇಳಿಯುತ್ತಿತ್ತು. ಚಿಪ್ಪಿನ ರಾಶಿಯ ಮೇಲೆ ಮೂರು ಬೆರಳು. ಬಿದ್ದಿರಲಿಲ್ಲ. ಸಾಲಾಗಿ ಜೋಡಿಸಿಟ್ಟಂತಿದ್ದವು. ಉಗುರುಗಳೆಲ್ಲ ಒಂದೇ ಕಡೆಗೆ. ಏಕಾಂತಯ್ಯ ಹೇಗೆ ಜೋಡಿಸಿದ್ದನೋ ಹಾಗೆ.

ಅವನು ಹೆಗಲ ಮೇಲಿನ ಟವೆಲು ತೆಗೆದು ಹುಚ್ಚಣ್ಣನ ಕೈಗೆ ಸುತ್ತತೊಡಗಿದ.

ನಿಲ್ಲಿಸಬೇಕು. ನಡೆಯಬಾರದು. ಇನ್ನು ಚಪ್ಪರ ದಾಟಬಾರದು. ಆದರೆ ವಿಧಾನ ಚೆನ್ನಾಗಿ ಕಲಿತಾಗಿತ್ತು. ನಾಲ್ಕು ಅಂದ ಮೇಲೆ ಐದು ಬರಲೇಬೇಕು.

“ಗಾಡಿ ಕಟ್ರೋ! ಆಸ್ಪತ್ರೆಗೆ ಸಾಗಿಸ್ಬೇಕು!” ಭಾವ ಎತ್ತುಗಳನ್ನು ಬಿಚ್ಚಿ ತಂದ.

“ಬೇಡ ಭಾವ! ಎತ್ತು ಬೇಡ!”

“ಹೊತ್ಕೊಂಡು ಹೋಗ್ತೀಯಾ? ಸರಿಯಲೇ ಆಚೆ!”

ರಕ್ತದ ವಾಸನೆಗೆ ಎತ್ತುಗಳು ಬೆದರಿದವು. ಬಲಗಡೆಯದು ಜಗಲಿಯ ಮುಂದಿನ ಚಪ್ಪಡಿಗೆ ಹಾರಿತು. ಕಾಲು ಕಲ್ಲಿನ ಸಂದಿಗೆ ಇಳಿಯಿತು. ಹಸಿ ಕೊಂಬೆ ಮುರಿದಂತೆ ಸದ್ದು. ಮಂಡಿ ಹಿಂದುಮುಂದಾಯಿತು. ಎತ್ತು ಮೂತಿ ಊರಿ ಬಿತ್ತು, ನಾಲಗೆ ಹೊರಗೆ.

“ಬಿಸಿನೀರಾದ್ರೂ ತರ್ತೀನಿ, ಕೈ ತೊಳೀಬೇಕು” ಎಂದು ಭಾವ ಒಳಗೆ ಓಡಿದ.

“ಸ್ಟೌ ಹಚ್ಚಬೇಡಿ!” ಏಕಾಂತಯ್ಯ ಕಿರುಚಿದ. “ಭಾವ, ಸ್ಟೌ ಮುಟ್ಟಬೇಡಿ!”

ಪಂಪ್ ಹೊಡೆಯುವ ಸದ್ದು. ಒಂದು, ಎರಡು, ಮೂರು. ಆಮೇಲೆ ಬೇರೆಯೇ ಸದ್ದು. ಅಡುಗೆಮನೆಯ ಬಾಗಿಲು ಒಂದು ಗಳಿಗೆ ಹಳದಿಯಾಯಿತು. ಭಾವ ಹೊರಗೆ ಬಂದ. ಕೂದಲು ಉರಿಯುತ್ತಿತ್ತು. ಕೆನ್ನೆಯ ಚರ್ಮ ಗಂಜಿಯ ಕೆನೆಯಂತೆ ಗದ್ದದವರೆಗೆ ಜಾರಿತ್ತು. ಏನೋ ಹೇಳಲು ಬಾಯಿ ತೆರೆದ. ತುಟಿ ಒಂದಕ್ಕೊಂದು ಅಂಟಿ ಹರಿಯಿತು.

ಅಕ್ಕ ಗೋಣಿಚೀಲ ತಂದು ಅವನ ತಲೆಗೆ ಹೊದಿಸಿ ಬೆಂಕಿ ನಂದಿಸಿದಳು. ಅವಳು ಅಳಲಿಲ್ಲ. “ಪಂಚೆ. ಹಳೇ ಪಂಚೆ, ಮೆತ್ತಗಿರೋದು” ಎಂದಳು. ಎದ್ದಳು. ಓಡಿದಳು.

ಏಕಾಂತಯ್ಯ ಹುಚ್ಚಣ್ಣನ ಕೈಗೆ ಟವೆಲು ಬಿಗಿಯುತ್ತಿದ್ದ. ತಲೆಯೆತ್ತಿದಾಗ ಅಕ್ಕ ಇರಲಿಲ್ಲ. ಹಳೇ ಪಂಚೆಗಳಿದ್ದದ್ದು ಎಲ್ಲಿ? ಕೋಟಿನ ಪೆಟ್ಟಿಗೆಯಲ್ಲಿ.

ಪೆಟ್ಟಿಗೆ ಅಟ್ಟದ ಮೇಲೆ.

ನಡುಮನೆಗೆ ಬಿದ್ದು ಎದ್ದು ಓಡಿದ. ಹಗಲು ಹತ್ತೂವರೆಯಾಗಿದ್ದರೂ ಅಲ್ಲಿ ಕತ್ತಲು. ಏಣಿಯ ಬುಡದಲ್ಲಿ ಅಂಕಮ್ಮ ಮೇಲೆ ನೋಡುತ್ತ ನಿಂತಿದ್ದಳು. “ಇಳಿಯವ್ವ! ಇಳಿದುಬುಡು!” ಎಂದು ಕೂಗುತ್ತಿದ್ದಳು. ಮೇಲಿಂದ ಒಂದು ಕಾಯಿ ಉರುಳಿ ಬಂತು. ಏಣಿಯ ಒಂದು ಮೆಟ್ಟಿಲಿಗೆ ಬಡಿಯಿತು, ಇನ್ನೊಂದಕ್ಕೆ ಬಡಿಯಿತು, ಅವಳ ಬಾಯಿಗೆ ಬಡಿಯಿತು.

ಮುದುಕಿ ಕುಕ್ಕರಿಸಿ ಕೂತಳು. ಅಂಗೈಗೆ ಉಗಿದಳು. ಕೆಂಪು ಜೊಲ್ಲಿನಲ್ಲಿ ಎರಡು ಹಲ್ಲು. ಅವುಗಳನ್ನು ಅವನ ಮುಂದೆ ಹಿಡಿದಳು.

“ನನ್ನೂ ಮಡಗಿದ್ದೀಯ.”

“ಅಕ್ಕಾ! ಕೆಳಗೆ ಬಾ!”

“ಬಂದೆ ತಾಳೋ, ಪಂಚೆ ಸಿಕ್ತಿಲ್ಲ” ಎಂದಿತು ಮೇಲಿನ ಕತ್ತಲು.

ಏಣಿಗೆ ಕಾಲಿಟ್ಟ. ಮೇಲಿನ ತೊಲೆ ನರಳಿತು. ಟಕ್. ಟಕ್. ಟಕಟಕಟಕ. ಹತ್ತುಸಾವಿರ ಕಾಯಿ ಒಟ್ಟಿಗೆ ಚಿಪ್ಪು ಬಿಡುತ್ತಿದ್ದವು. ಮಣ್ಣು ಉದುರಿ ಕಣ್ಣಿಗೆ ಬಿತ್ತು. ಏಣಿ ಜರುಗಿತು. ಅವನು ಕೆಳಗೆ ಬಿದ್ದ.

ಅಂಕಮ್ಮ ಅವನ ಅಂಗಿ ಹಿಡಿದೆಳೆದಳು. “ನಿಮ್ಮಕ್ಕನ್ನ ಮಡಗಿದೀಯಾ? ಬದಲು ಮಾಡು. ನನ್ನ ಮಡಗು. ಬೇಗ.”

“ಅಜ್ಜಿ...”

“ನಾನು ಹೋಗಬೇಕಾದ್ದು ಆವತ್ತೇ ಕಣ್ಲಾ. ನನ್ನ ಮಡಗು!”

ಅವನು ಕಣ್ಣು ಮುಚ್ಚಿದ. ಅಟ್ಟ. ಅಕ್ಕ ಅಲ್ಲಿದ್ದಳು, ಎದೆಯ ಮೇಲೆ ಕಾಯಿಗಳ ರಾಶಿ. ಪಕ್ಕದಲ್ಲಿ ಅಂಕಮ್ಮನನ್ನು ತಂದು ನಿಲ್ಲಿಸಿದ. ಬೊಚ್ಚುಬಾಯಿ, ರಕ್ತ. ಮುದುಕಿಯನ್ನು ಕೊಲ್ಲುವುದೇ? ಅದು ಕೊಲೆ. ಬೇರೆ ಕಲಮು. ಆಗ ಅವನಿಗೆ ಹೊಳೆಯಿತು. ಎರಡು ವರ್ಷ ಫೇಲಾದ ತಲೆಗೆ ಮೊದಲ ಸಲ ವಕೀಲನಂತೆ ಹೊಳೆಯಿತು. ಎಂಟನೆಯ ಬಗೆಯ ಮಧ್ಯದಲ್ಲೊಂದು ಪದವಿದೆ. ಅಥವಾ. ಜೀವಕ್ಕೆ ಅಪಾಯ, ಅಥವಾ ಇಪ್ಪತ್ತು ದಿನದ ನೋವು. ಯಾರೂ ಸಾಯಬೇಕಿಲ್ಲ. ಆಳನ್ನು ಬದಲಿಸಬೇಕಿಲ್ಲ, ಗಾಯ ಬದಲಿಸಿದರೆ ಸಾಕು.

ಕಾಯಿಗಳನ್ನು ಎದೆಯಿಂದ ಸೊಂಟಕ್ಕೆ ಸರಿಸಿದ. ಅಕ್ಕನನ್ನು ಚಾಪೆಯ ಮೇಲೆ ಮಲಗಿಸಿದ. ಅವಳ ತಲೆಯ ಬಳಿಯ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದ, ಒಂದೊಂದು ದಿನಕ್ಕೆ ಒಂದೊಂದು. ಇಪ್ಪತ್ತು ಗೆರೆ. ಎಣಿಸಿ ಎಳೆದ. ಅಕ್ಕನ ಬಾಯಿಂದ ಕೂಗು ಬರಿಸಿದ. ಉಸಿರಾಡಿಸಿದ.

ಕಣ್ಣು ತೆರೆದ. ತೊಲೆ ಮುರಿಯಿತು.

ಕಾಯಿಗಳು ನೀರಿನಂತೆ ಬಂದವು. ಮಧ್ಯೆ ಒಂದು ಸೀರೆ, ಒಂದು ಕೈ, ಕೈಯಲ್ಲಿ ಬಿಗಿಹಿಡಿದ ಬಿಳಿ ಪಂಚೆ. ಧೂಳು ಇಳಿಯುವ ಮೊದಲೇ ಅವನು ಬರಿಗೈಯಲ್ಲಿ ಕಾಯಿ ತೆಗೆದು ಎಸೆಯತೊಡಗಿದ. ಸೊಂಟದ ಕೆಳಗೆ ಅವಳು ಯಾವುದೋ ಚೀಲದಂತಾಗಿದ್ದಳು. ಆದರೆ ಕೂಗುತ್ತಿದ್ದಳು. ಉಸಿರಿತ್ತು.

ಅವನು ನಕ್ಕ. ಆ ರಕ್ತದಲ್ಲಿ ಮಂಡಿಯೂರಿ ನಕ್ಕ. “ಬದುಕಿದ್ಲು ಅಜ್ಜಿ! ಬದುಕಿದ್ಲು!”

ಅಂಕಮ್ಮ ನಗಲಿಲ್ಲ. “ನನ್ನ ಮಡಗು ಅಂದೆ” ಎಂದಳು.

ಕಿಬ್ಬನಹಳ್ಳಿಯ ಕಡೆಗೆ ಹೊರಟಿದ್ದ ಕೊಬ್ಬರಿ ಲಾರಿಯೊಂದು ಮೂವರನ್ನೂ ತುಮಕೂರಿಗೆ ಹೊತ್ತೊಯ್ದಿತು. ಹುಚ್ಚಣ್ಣ ಹೊಲಿಗೆ ಹಾಕಿಸಿಕೊಂಡು ವಾಪಸಾದ. ಭಾವ ಮುಖದ ತುಂಬ ಬಟ್ಟೆ ಸುತ್ತಿಕೊಂಡು ಗಂಡಸರ ವಾರ್ಡಿನಲ್ಲಿ ಮಲಗಿದ. ಹೆಂಗಸರ ವಾರ್ಡಿನಲ್ಲಿ ಡಾಕ್ಟರು ಶಿವರುದ್ರಮ್ಮನ ಹೊದಿಕೆ ಎತ್ತಿ ನೋಡಿ, ಏಕಾಂತಯ್ಯನನ್ನು ಹೊರಗೆ ಕರೆದು, ಈ ರಾತ್ರಿ ಕಳೆಯುವುದು ಕಷ್ಟ ಎಂದರು.

“ಕಳೀತಾರೆ” ಎಂದ ಏಕಾಂತಯ್ಯ. ಡಾಕ್ಟರು ಅವನ ಹೆಗಲು ತಟ್ಟಿದರು.

ಅವಳು ಆ ರಾತ್ರಿ ಕಳೆದಳು, ಮರುದಿನ ಕಳೆದಳು. ಸೂಜಿಮದ್ದು ಅವಳಿಗೆ ಹತ್ತಲಿಲ್ಲ. ಹಗಲೆಲ್ಲ ಕೂಗಿದಳು. ಗಂಟಲು ಹರಿದ ಮೇಲೆ ಬಾಯಿ ಮಾತ್ರ ತೆರೆದು ಕೂಗಿದಳು. ಮಂಚದ ಕಬ್ಬಿಣ ಹಿಡಿದ ಉಗುರು ಕಿತ್ತು ಬಂದವು. ತುಟಿ ಕಚ್ಚಿ ತೂತಾಯಿತು. ಐದನೆಯ ದಿನ ತಮ್ಮನ ಕೈ ಹಿಡಿದು, “ಕೊಂದುಬಿಡೋ. ದಿಂಬು ಒತ್ತೋ” ಎಂದಳು.

“ಇಪ್ಪತ್ತು ದಿನ ತಡ್ಕೋ ಅಕ್ಕ. ಇಪ್ಪತ್ತೇ ದಿನ. ಆಮೇಲೆ ಮುಗೀತದೆ.”

“ಯಾರು ಹೇಳಿದ್ರು?”

“ಕಾನೂನಿನಲ್ಲಿದೆ.”

ಅವಳು ನಂಬಿದಳು. ತಮ್ಮ ಓದಿದವನು. ದಿನಾ ಬೆಳಗ್ಗೆ ಎಷ್ಟಾಯಿತು ಎಂದು ಕೇಳುವಳು. ಒಂಬತ್ತು. ಹದಿಮೂರು. ಹದಿನೇಳು. ಅವನು ಕಣ್ಣು ಮುಚ್ಚಿ ಅಟ್ಟಕ್ಕೆ ಹೋಗಿ ಗೋಡೆ ನೋಡುವನು. ಮುಗಿದ ಗೆರೆಗಳು ಅಳಿಸುತ್ತ ಬರುತ್ತಿದ್ದವು. ಪರೀಕ್ಷೆಯ ಪುಸ್ತಕ ಅವನ ಮಂಡಿಯ ಮೇಲೆ ತೆರೆದಿರುತ್ತಿತ್ತು. ಅಕ್ಕ ಪಾಸಾಗು ಎಂದಿದ್ದಳು. ಪಾಸಾಗುತ್ತಾನೆ, ಅವಳೂ ಏಳುತ್ತಾಳೆ, ಕೋಟು ತೊಡಿಸುತ್ತಾಳೆ.

ಇಪ್ಪತ್ತನೆಯ ದಿನ ಮಧ್ಯಾಹ್ನ ಅಂಕಮ್ಮ ಬಸ್ಸಿನಲ್ಲಿ ಬಂದಳು. ಸೆರಗಿನಲ್ಲಿ ಮುರುಕು ಕೊಬ್ಬರಿ ಕಟ್ಟಿ ತಂದಿದ್ದಳು. ಮಂಚದ ಕಾಲಬದಿಯಲ್ಲಿ ನೆಲಕ್ಕೆ ಕೂತು, ಕೂಗುವ ಬಾಯನ್ನು ಬಹಳ ಹೊತ್ತು ನೋಡಿದಳು.

“ಏನು ಮಡಗಿದೆ?”

ಅವನು ಹೇಳಿದ. ಅಥವಾ ಎಂಬ ಪದವನ್ನು ವಿವರಿಸುವಾಗ ಅವನ ದನಿಯಲ್ಲಿ ಇನ್ನೂ ಹೆಮ್ಮೆಯಿತ್ತು.

ಅಂಕಮ್ಮ ಬೆರಳು ಮಡಿಸಿ ಎಣಿಸಿದಳು. “ಇವತ್ತಿಗೆ ಇಪ್ಪತ್ತಾಯ್ತು. ನಾಳಿಕೆ ಏನು ಮಡಗಿದೀಯ?”

ಅವನು ಗೋಡೆಯ ಕಡೆ ತಿರುಗಿದ.

ಕಣ್ಣು ಮುಚ್ಚಿ ಓಡಿದ. ಕೊಟ್ಟಿಗೆ, ಬಾವಿ, ಬಣವೆ, ಚಪ್ಪರ, ಚಪ್ಪಡಿ, ಅಡುಗೆಮನೆ, ಏಣಿ. ಅಟ್ಟ. ಚಾಪೆಯ ಮೇಲೆ ಅಕ್ಕ. ಗೋಡೆಯ ಮೇಲೆ ಒಂದೇ ಒಂದು ಗೆರೆ. ಅದರ ಆಚೆ ಗೋಡೆ ಇರಲಿಲ್ಲ. ಅವನು ಕಟ್ಟಿಯೇ ಇರಲಿಲ್ಲ. ಕತ್ತಲಿತ್ತು. ಇದ್ದಿಲು ಹುಡುಕಿದ. ಸಿಕ್ಕಿತು. ಕತ್ತಲಿಗೆ ಗೀರಿದ. ಇದ್ದಿಲು ಪುಡಿಯಾಯಿತು. ಇನ್ನೊಂದು ಗೀರಿದ. ಪುಡಿಯಾಯಿತು. ಉಗುರಿನಿಂದ ಗೀರಿದ. ಅಂಕಮ್ಮನನ್ನು ಎಳೆದು ತಂದ. ಅವಳು ಹೊಗೆಯಂತೆ ಕರಗಿದಳು. ಬದಲು ಒಂದೇ ಸಲ. ಆಗಿಹೋಗಿತ್ತು. ತನ್ನನ್ನೇ ಇಡಲು ನೋಡಿದ. ತನ್ನ ಮುಖ ನೆನಪಾಗಲಿಲ್ಲ. ನಡೆಯುವವನಿಗೆ ತನ್ನ ಮುಖ ಕಾಣುವುದಿಲ್ಲ.

ಕಣ್ಣು ತೆರೆದಾಗ ಅವನ ಉಗುರುಗಳು ಆಸ್ಪತ್ರೆಯ ಗೋಡೆಯ ಸುಣ್ಣ ಕೆರೆದಿದ್ದವು. ನರ್ಸು ಅವನನ್ನು ಹಿಡಿದು ಕೂರಿಸಿದಳು. ಅಂಕಮ್ಮ ಹೊರಟುಹೋಗಿದ್ದಳು.

ಇಪ್ಪತ್ತೊಂದನೆಯ ಬೆಳಗ್ಗೆ ವಾರ್ಡು ನಿಶ್ಶಬ್ದವಾಗಿತ್ತು. ಅಕ್ಕ ಕಣ್ಣು ತೆರೆದು ಮಲಗಿದ್ದಳು. ಹಣೆಯ ಬೆವರು ಆರಿತ್ತು.

“ನೋವೇ ಇಲ್ಲ ಕಣೋ” ಎಂದಳು, ಪಿಸುದನಿಯಲ್ಲಿ. “ನೀನು ಹೇಳಿದ ಹಾಗೇ ಆಯ್ತು ನೋಡು. ಮುಗೀತು.”

ಅವನು ಮಂಚದ ಕಾಲು ಹಿಡಿದು ಕೂತಿದ್ದ.

“ಇವತ್ತಲ್ವಾ ಪರೀಕ್ಷೆ? ಹೋಗು. ಕೂತು ಏನು ಮಾಡ್ತೀಯಾ?” ನಗಲು ನೋಡಿದಳು. “ಹೋಗೋ, ಸುಮ್ನೆ ಮುಖ ನೋಡ್ಕೊಂಡು ಕೂರಬೇಡ. ಬರೆದು ಬಾ. ಏನು ಕೇಳಿದ್ರು ಅಂತ ನಂಗೆ ಹೇಳಬೇಕು.”

ಅವನು ಹೋದ. ಅವಳು ಕೇಳಿದ್ದಕ್ಕೆ ಹೋದನೋ, ನೋಡಲಾರದೆ ಹೋದನೋ, ಅವನಿಗೇ ತಿಳಿಯಲಿಲ್ಲ.

ಮೂರನೆಯ ಪ್ರಶ್ನೆ ಘೋರ ಗಾಯದ ಎಂಟು ಬಗೆಗಳನ್ನು ಕೇಳಿತ್ತು. ಪೆನ್ನು ತಾನೇ ಬರೆಯಿತು. ಹೋರಿಗರು, ಸಣ್ಣತಿಮ್ಮಯ್ಯ, ಕೆಂಚ, ಹುಚ್ಚಣ್ಣ, ಎತ್ತು, ಭಾವ, ಅಜ್ಜಿ. ಏಳು. ಏಣಿ ಹತ್ತಿದ. ಜೀವಕ್ಕೆ ಅಪಾಯ ತರುವ ಗಾಯ, ಅಥವಾ ಎಂದು ಬರೆದು ಅಟ್ಟದೊಳಗೆ ಕಣ್ಣಾಡಿಸಿದ. ಗೋಡೆಯಲ್ಲಿ ಗೆರೆಯಿರಲಿಲ್ಲ. ಚಾಪೆಯ ಮೇಲೆ ಯಾರೂ ಇರಲಿಲ್ಲ. ಯಾರೋ ಅದನ್ನು ಸುತ್ತಿ ಮೂಲೆಗೆ ನಿಲ್ಲಿಸಿದ್ದರು. ಪರೀಕ್ಷಾ ಕೋಣೆಯ ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

ಅವನು ವಾಕ್ಯ ಪೂರ್ತಿ ಮಾಡಿದ. ಉಳಿದ ಪ್ರಶ್ನೆಗಳನ್ನೂ ಬರೆದ.

ಆಸ್ಪತ್ರೆಗೆ ಹೋದಾಗ ಅಕ್ಕನ ಮಂಚ ಬರಿದಾಗಿತ್ತು. ಹಾಸಿಗೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿದ್ದರು. ಎಷ್ಟು ಹೊತ್ತಿಗೆ ಎಂದು ಅವನು ನರ್ಸನ್ನು ಕೇಳಲಿಲ್ಲ.

ಆ ಪತ್ರಿಕೆಯಲ್ಲಿ ಅವನಿಗೆ ಎಪ್ಪತ್ತೆಂಟು ಬಂತು. ಮೂರನೆಯ ಪ್ರಶ್ನೆಗೆ ಪೂರ್ತಿ ಅಂಕ.